ಕರಣಿಕನೊಂದಿಗೆ ಚೌಕಾಸಿ

ಇಂದುಮತಿ ಹೊಂಬಳ ‘ಏಳು ನಾಡು’ ಆಡುವುದನ್ನು ಬಿಟ್ಟು ಹತ್ತು ವರ್ಷಗಳಾಗಿದ್ದವು. ಆದರೂ ದಿನವೂ ಬೆಳಿಗ್ಗೆ ಒಂಬತ್ತಕ್ಕೆ ಅವಳು ಹೋಗಿ ಕೂರುತ್ತಿದ್ದದ್ದು ಅದೇ ಆಟದ ಎದುರಾಳಿಗಳ ಮುಂದೆ.

ಅವಳು ಧಾರವಾಡದಲ್ಲಿ ಓದುತ್ತಿದ್ದ ಕಾಲಕ್ಕೆ ಕಾಲೇಜಿನವರೆಲ್ಲ ಹುಚ್ಚು ಹಿಡಿದವರಂತೆ ಆಡುತ್ತಿದ್ದ ಕಂಪ್ಯೂಟರ್ ಆಟ ಅದು. ಆಡುವವನಿಗೆ ಒಂದು ನಾಡು. ಉಳಿದ ಆರು ನಾಡುಗಳನ್ನು ಕಂಪ್ಯೂಟರೇ ಆಳುತ್ತದೆ. ಚಕ್ರ, ಲಿಪಿ, ಕಬ್ಬಿಣ, ಹಾಯಿಹಡಗು ಎಂದು ಒಂದೊಂದೇ ವಿದ್ಯೆಯನ್ನು ಕಂಡುಹಿಡಿಯುತ್ತ ಮುಂದೆ ಸಾಗಬೇಕು. ಎಲ್ಲವನ್ನೂ ತಾನೇ ಕಂಡುಹಿಡಿಯುತ್ತೇನೆಂದು ಹೊರಟವನು ಹಿಂದೆ ಬೀಳುತ್ತಾನೆ. ಹಾಗಾಗಿ ಕಂಪ್ಯೂಟರ್ ನಾಡುಗಳ ಜೊತೆ ವಿದ್ಯೆಗೆ ವಿದ್ಯೆ ಬದಲಾಯಿಸಿಕೊಳ್ಳಬೇಕು. ಯುದ್ಧದಲ್ಲಿ ಇಂದುಮತಿ ಅಷ್ಟಕ್ಕಷ್ಟೆ. ಚೌಕಾಸಿಯಲ್ಲಿ ಮಾತ್ರ ಅವಳನ್ನು ಮೀರಿಸಿದವರಿರಲಿಲ್ಲ. ಒಂದು ನಾಡಿಗೆ ಕೊಟ್ಟ ವಿದ್ಯೆಯನ್ನು ಅದು ಮರುಗಳಿಗೆಯಲ್ಲೇ ಉಳಿದವಕ್ಕೆ ಮಾರಿಕೊಳ್ಳುತ್ತದೆ ಎಂಬುದನ್ನು ಅವಳು ಮೊದಲ ವಾರದಲ್ಲೇ ಗಮನಿಸಿದ್ದಳು. ಕೊಡುವುದಾದರೆ ಎಲ್ಲರಿಗೂ ಒಂದೇ ಸರದಿಯಲ್ಲಿ ಕೊಟ್ಟು ಎಲ್ಲರಿಂದಲೂ ವಸೂಲು ಮಾಡಬೇಕು. ತನ್ನೊಬ್ಬಳ ಬಳಿ ಮಾತ್ರ ಇರುವ ವಿದ್ಯೆಯನ್ನು, ಬೆಲೆ ಏರುತ್ತಿರುವಷ್ಟು ದಿನ, ಕೈಬಿಡಬಾರದು. ಹೀಗೆ ಆಡಿ ಅವಳು ಮೂರು ವರ್ಷ ರಾಜ್ಯದ ಪಂದ್ಯ ಗೆದ್ದಳು.

ಆಮೇಲೆ ಬಿಸಿಲಿನ ವರ್ಷಗಳು ಬಂದವು. ತಂತಿಗಳು, ರೈಲುಗಳು, ಸರ್ಕಾರಗಳು ಒಂದರ ಹಿಂದೊಂದು ಕಡಿದುಹೋದವು. ನಮ್ಮ ಕಡೆ ಉಳಿದದ್ದು ಐದು ಊರು: ಗದಗ, ಬಳ್ಳಾರಿ, ರಾಯಚೂರು, ಕಾರವಾರ, ಬೀದರ್. ಪ್ರತಿ ಊರಿನಲ್ಲೂ ಒಂದೊಂದು ವಿದ್ಯೆ ಉಳಿದಿತ್ತು, ಇನ್ನೊಂದಕ್ಕಾಗಿ ಪರದಾಟವಿತ್ತು. ಕಾರವಾರಕ್ಕೆ ಉಪ್ಪುನೀರು ಸಿಹಿ ಮಾಡುವುದು ಗೊತ್ತು, ಬ್ಯಾಟರಿ ಗೊತ್ತಿಲ್ಲ. ಗದಗಕ್ಕೆ ಬ್ಯಾಟರಿ ಗೊತ್ತು, ಸಿಮೆಂಟ್ ಗೊತ್ತಿಲ್ಲ. ಹಂಚಿಕೊಳ್ಳಲು ಎರಡು ಸಲ ಸಭೆ ಸೇರಿದರು. ಎರಡೂ ಸಲ ಕುರ್ಚಿಗಳು ಹಾರಾಡಿದವು. ಎರಡನೆಯ ಸಲ ಬೀದರಿನವರೊಬ್ಬರ ಕಣ್ಣು ಹೋಯಿತು. ಮನುಷ್ಯರನ್ನು ಎದುರುಬದುರು ಕೂರಿಸುವುದೇ ಬೇಡ ಎಂದು ಆಗ ತೀರ್ಮಾನವಾಯಿತು. ಹೊಸ ಯಂತ್ರ ಕಟ್ಟುವ ಶಕ್ತಿ ಯಾರಿಗೂ ಇರಲಿಲ್ಲ. ಹಳೆಯ ಕಂಪ್ಯೂಟರಿನಲ್ಲೂ ಓಡುವ, ಲಕ್ಷಾಂತರ ಜನ ಆಡಿ ಪರೀಕ್ಷಿಸಿದ, ಒಪ್ಪಿದ ಮಾತಿಗೆ ತಪ್ಪದ, ಸಿಟ್ಟಿಗೇಳದ ಎದುರಾಳಿ ಎಲ್ಲಿ ಸಿಗುತ್ತದೆ ಎಂದು ಹುಡುಕುವಾಗ ಯಾರಿಗೋ ‘ಏಳು ನಾಡು’ ನೆನಪಾಯಿತು. ಆಟದ ಎದುರಾಳಿಯನ್ನೇ ತಂದು, ಊರಿನ ಲೆಕ್ಕಪತ್ರ ಅದರ ಕೈಗೆ ಕೊಟ್ಟು, ನಾಲ್ಕು ಊರುಗಳು ತಮ್ಮ ಪರವಾಗಿ ಚೌಕಾಸಿಗೆ ಕೂರಿಸಿದವು. ಜನ ಅದಕ್ಕೆ ಕರಣಿಕ ಎಂದು ಹೆಸರಿಟ್ಟರು. ವಿನಿಮಯ ಬಿಟ್ಟು ಬೇರೆ ದಾರಿಯಲ್ಲಿ ವಿದ್ಯೆ ಹೊರಬಿಟ್ಟ ಊರನ್ನು ಹನ್ನೆರಡು ವರ್ಷ ಹೊರಗಿಡಬೇಕು ಎಂದು ಐದೂ ಊರು ಸಹಿ ಮಾಡಿದವು.

ಗದಗ ಮಾತ್ರ ಕರಣಿಕನನ್ನು ತರಲಿಲ್ಲ. ಅದಕ್ಕೆ ಇಂದುಮತಿ ಇದ್ದಳು.

ಒಂಬತ್ತು ವರ್ಷ ಅವಳು ಊರನ್ನು ನಡೆಸಿದಳು ಎಂದರೂ ತಪ್ಪಲ್ಲ. ಕಾಗದದ ಬ್ಯಾಟರಿಯ ವಿದ್ಯೆಯನ್ನು ಒಂದೇ ಬೆಳಿಗ್ಗೆ ನಾಲ್ಕು ಊರಿಗೂ ಮಾರಿ ಸಿಮೆಂಟ್, ಸಿಹಿನೀರು, ಬಿತ್ತನೆ ಆಲೂಗಡ್ಡೆ ಮತ್ತು ಗಾಜು ತಂದಳು. ಹಳೆಯ ಮುದ್ರಣಾಲಯದ ಮಹಡಿಯಲ್ಲಿದ್ದ ವಿನಿಮಯ ಕೋಣೆಗೆ ಅವಳು ಹತ್ತಿ ಹೋಗುವಾಗ ಕೆಳಗೆ ಚಹಾ ಕುಡಿಯುತ್ತಿದ್ದವರು ಎದ್ದು ನಿಲ್ಲುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಬಳ್ಳಾರಿಗೆ ಗಂಟಲುಬಿಗಿ ಬಂತು. ಮೊದಲು ಜ್ವರ, ಆಮೇಲೆ ಗಂಟಲಿನ ಒಳಗೆ ಬೂದುಬಣ್ಣದ ಪೊರೆ, ಐದಾರು ದಿನಕ್ಕೆ ಉಸಿರು ನಿಲ್ಲುವುದು. ಹೆಚ್ಚಾಗಿ ಮಕ್ಕಳಿಗೆ. ಹಳೆಯ ಔಷಧಿಗಳಾವುವೂ ಅದಕ್ಕೆ ನಾಟುತ್ತಿರಲಿಲ್ಲ. ಗದಗ ತನ್ನ ಗಡಿಯ ನಾಕಾಗಳನ್ನು ಮುಚ್ಚಿತು.

ಅದೇ ತಿಂಗಳು ಡಾಕ್ಟರ್ ಫಕೀರಪ್ಪ ಮಡಿವಾಳರ ಮಹಡಿ ಹತ್ತಿ ಬಂದರು. ಗದಗದ ಪ್ರಯೋಗಶಾಲೆ ಎಂದರೆ ಅವರು ಮತ್ತು ಇಬ್ಬರು ಸಹಾಯಕಿಯರು. ಅಗಲವಾದ ಮುಖ, ಯಾವಾಗಲೂ ಹುಳಿ ವಾಸನೆ ಹೊಡೆಯುವ ಬಟ್ಟೆ.

“ತಂಗಿ, ಮದ್ದು ಹತ್ತೇತಿ ನೋಡವ್ವ,” ಎಂದರು. “ಹಿಟ್ಟು ಹುದುಗು ಬರಿಸೂ ಸೂಕ್ಷ್ಮಜೀವಿ ಅದಾವಲ್ಲ, ಅವಕ್ಕ ಹೊಸ ಕೆಲಸ ಕಲಿಸೇನಿ. ಗಂಟಲುಬಿಗಿ ವಿಷಾನ ಕಟ್ಟಿಹಾಕೂ ಮದ್ದು ಅವ ಮಾಡಿ ಕೊಡ್ತಾವ. ಮುಳಗುಂದ ನಾಕಾದ ಕಡೆ ಮೂರ ಮಂದಿಗೆ ಬಂದಿತ್ತು. ಮೂವರೂ ಎದ್ದು ಅಡ್ಡಾಡಾಕತ್ತಾರ.”

“ಬೇರೆ ಊರಾಗ ಮಾಡಾಕ ಬರ್ತದೇನ್ರಿ ಇದನ್ನ?”

“ವಿಧಾನ ಗೊತ್ತಿದ್ರ ಯಾವ ದವಾಖಾನಿಯೊಳಗರ ಮಾಡಬಹುದು. ಬೆಲ್ಲದ ನೀರು, ಹುದುಗು, ನಾಕ ದಿನ. ಗೊತ್ತಿರ್ಲಿಲ್ಲಂದ್ರ ನೂರ ವರ್ಷ ಕುಂತ್ರೂ ಆಗೂದಿಲ್ಲ.”

ಇಂದುಮತಿ ದಾಖಲೆ ಪುಸ್ತಕ ತೆಗೆದು ತಾರೀಖು ಬರೆದಳು. ಅದು ಮೊದಲನೆಯ ದಿನ.

ಗದಗಕ್ಕೆ ಬಳ್ಳಾರಿಯಿಂದ ಏನು ಬೇಕು ಎಂಬುದು ಊರಿನ ಪ್ರತಿಯೊಬ್ಬರಿಗೂ ಗೊತ್ತಿತ್ತು: ಆಯಸ್ಕಾಂತ. ಕಪ್ಪತಗುಡ್ಡದ ಮೇಲೆ ತೊಂಬತ್ತು ಗಾಳಿಯಂತ್ರಗಳಿದ್ದವು. ಊರಿನ ಪಂಪು, ಶೀತಲಗೃಹ, ಗಿರಣಿ ಎಲ್ಲ ಅವುಗಳಿಂದಲೇ. ಪ್ರತಿ ಯಂತ್ರದ ಹೊಟ್ಟೆಯಲ್ಲಿ ದೊಡ್ಡ ಆಯಸ್ಕಾಂತದ ಉಂಗುರವೊಂದಿರುತ್ತದೆ. ಬಿಸಿಲಿಗೆ ಅವು ಬಿರುಕು ಬಿಡತೊಡಗಿದ್ದವು. ಆಗಲೇ ಮೂವತ್ತೆಂಟು ನಿಂತಿದ್ದವು. ಅದನ್ನು ಹೊಸದಾಗಿ ಎರಕ ಹೊಯ್ಯುವ ವಿದ್ಯೆ ಬಳ್ಳಾರಿಗೆ ಮಾತ್ರ ಗೊತ್ತು. ಬಳ್ಳಾರಿಯ ಕರಣಿಕ ಅದನ್ನು ಯಾರಿಗೂ, ಯಾವ ಬೆಲೆಗೂ ಕೊಟ್ಟಿರಲಿಲ್ಲ.

ಎರಡನೆಯ ದಿನ ಇಂದುಮತಿ ಮೈಕಿನ ಮುಂದೆ ಕೂತು ಹೇಳಿದಳು: “ಗಂಟಲುಬಿಗಿಯ ಮದ್ದಿನ ವಿದ್ಯೆ ನಮ್ಮ ಬಳಿ ಇದೆ. ಆಯಸ್ಕಾಂತದ ಎರಕ ಕೊಡಿ.”

ಕರಣಿಕನ ದನಿ ಹಳೆಯ ಕಾಲದ ವಾರ್ತಾವಾಚಕರ ದನಿಯಂತಿತ್ತು. ಏರಿಳಿತವಿಲ್ಲ, ಕಹಿಯೂ ಇಲ್ಲ. “ಆಯಸ್ಕಾಂತ ವಿನಿಮಯಕ್ಕಿಲ್ಲ. ಕುಲುಮೆಯ ಕಿಟ್ಟದಿಂದ ಇಟ್ಟಿಗೆ ಮಾಡುವ ವಿಧಾನ ಕೊಡಬಲ್ಲೆ.”

“ಸಾಲದು.”

“ನಾಳೆ ಮಾತನಾಡೋಣ.”

ಮೂರನೆಯ ದಿನ ಅದು ಇಟ್ಟಿಗೆಯ ಜೊತೆಗೆ ತಂತಿ ಎಳೆಯುವ ವಿಧಾನ ಸೇರಿಸಿತು. ನಾಲ್ಕನೆಯ ದಿನ ಬೇರಿಂಗು. ಐದನೆಯ ದಿನ ಸಣ್ಣ ಕುಲುಮೆ. ಪ್ರತಿದಿನ ಒಂದು ಮೆಟ್ಟಿಲು. ಇಂದುಮತಿಗೆ ಮೈಯೆಲ್ಲ ಎಚ್ಚರವಾದಂತಾಯಿತು. ಆಟದಲ್ಲಿ ಬೇರೆ ಯಾರಲ್ಲೂ ಇಲ್ಲದ ವಿದ್ಯೆ ಕೈಗೆ ಬಂದಾಗ ಆಗುತ್ತಿದ್ದಂಥದೇ ಸುಖ. ಮೆಟ್ಟಿಲುಗಳನ್ನು ಕಾಗದದ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆದು ನೋಡಿದಳು. ಹೀಗೇ ಏರುತ್ತ ಹೋದರೆ ಇಪ್ಪತ್ತನಾಲ್ಕನೆಯ ದಿನಕ್ಕೆ ಗೆರೆ ಆಯಸ್ಕಾಂತವನ್ನು ಮುಟ್ಟುತ್ತಿತ್ತು.

ಮನೆಯಲ್ಲಿ ಅವಳ ಗಂಡ ಶಿವಯೋಗಿ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತ ಕೂತಿರುತ್ತಿದ್ದ. ಗಾಳಿಯಂತ್ರ ರಿಪೇರಿಯವನು ಅವನು. ಎಂಬತ್ತು ಮೀಟರ್ ಕಂಬವನ್ನು ಈಗ ದಿನಕ್ಕೆ ಮೂರು ಸಲ ಹತ್ತಬೇಕಾಗುತ್ತಿತ್ತು.

“ಇವತ್ತ ಮತ್ತೊಂದು ನಿಂತ್ತು,” ಎಂದ ಆರನೆಯ ದಿನ ಊಟಕ್ಕೆ ಕೂತಾಗ. “ಉಂಗರ ಎರಡ ತುಂಡ ಆಗಿ ಕೆಳಗ ಬಿತ್ತು. ಕೆಳಗ ಯಾರೂ ಇರ್ಲಿಲ್ಲ, ಪುಣ್ಯಾ.”

“ಇನ್ನ ಸ್ವಲ್ಪ ದಿನಾ ತಡೀರಿ. ಬರ್ತದ.”

“ನೀ ತರ್ತಿ ಅಂತ ಗೊತ್ತೈತಿ ನನಗ. ಅದಕ್ಕ ಹತ್ತಾಕತ್ತೇನಿ. ಬರ್ಲಿಲ್ಲಂದ್ರ ಮುಂದಿನ ಬ್ಯಾಸಗಿಗೆ ಈ ಊರಾಗ ಕುಡ್ಯಾಕ ನೀರು ಮ್ಯಾಲ ಏರೂದಿಲ್ಲ, ಇಂದು. ಇಷ್ಟ ಮಂದಿ ಎಲ್ಲಿಗೆ ಹೋಗಬೇಕು?”

ಊರುಗಳ ನಡುವೆ ಜನ ಮಾತನಾಡಲು ವಾರಕ್ಕೆ ಒಮ್ಮೆ ಫೋನಿನ ತಂತಿ ಸಿಗುತ್ತಿತ್ತು, ಭಾನುವಾರ ಹತ್ತು ನಿಮಿಷ. ಎರಡೂ ಕಡೆ ಕಾವಲಿನವರು ಕೇಳಿಸಿಕೊಳ್ಳುತ್ತಿದ್ದರು. ವಿದ್ಯೆಯ ಮಾತು ಬಂದರೆ ತಂತಿ ಕಡಿಯುತ್ತಿದ್ದರು. ಇಂದುಮತಿಯ ತಂಗಿ ಸುಲೋಚನಾ ಬಳ್ಳಾರಿಗೆ ಮದುವೆಯಾಗಿ ಹೋದವಳು. ಅಲ್ಲಿನ ದವಾಖಾನೆಯಲ್ಲಿ ನರ್ಸ್. ಗಂಡ ಎರಡು ವರ್ಷದ ಹಿಂದೆ ತೀರಿಕೊಂಡಿದ್ದ. ಆರು ವರ್ಷದ ಪ್ರಣತಿ, ಮೂರು ವರ್ಷದ ಸಮರ್ಥ ಎಂಬ ಎರಡು ಮಕ್ಕಳು.

ಏಳನೆಯ ದಿನ ಭಾನುವಾರ. ಸುಲೋಚನಾಳ ದನಿ ಒಡೆದುಹೋಗಿತ್ತು.

“ಅಕ್ಕಾ, ನಮ್ಮ ವಾರ್ಡ್ ತುಂಬಿ ಹೊರಗ ಕಟ್ಟಿ ಮ್ಯಾಲ ಮಲಗ್ಸೇವಿ. ನಿನ್ನೆ ಹನ್ನೊಂದು. ಇವತ್ತ ಮುಂಜಾನಿಂದ ಒಂಬತ್ತು. ಬರೇ ಕೈ ಹಿಡ್ಕೊಂಡು ಕುಂಡ್ರೂದು ನೋಡು ನನ್ನ ಕೆಲಸ.”

“ಮಕ್ಕಳು?”

“ಮನ್ಯಾಗ ಕೀಲಿ ಹಾಕಿ ಬರ್ತೇನಿ. ನಿಮ್ಮ ಕಡೆ ಫಕೀರಪ್ಪನವರು ಇದಕ್ಕೇನರ ಹುಡುಕಾಕತ್ತಾರೇನ?”

ಕಾವಲಿನವನು ತಲೆ ಎತ್ತಿ ನೋಡಿದ.

“ನನಗ ಗೊತ್ತಿಲ್ಲ ಸುಲು,” ಎಂದಳು ಇಂದುಮತಿ.

ತಂಗಿಗೆ ಅವಳು ಸುಳ್ಳು ಹೇಳಿದ್ದು ಅದೇ ಮೊದಲಲ್ಲ, ಆದರೆ ಆ ಸುಳ್ಳು ಬಾಯಲ್ಲಿ ಲೋಹದ ರುಚಿಯಂತೆ ಉಳಿಯಿತು. ಮನೆಗೆ ಹೋಗಿ ನೀರು ಕುಡಿದಳು. ಮತ್ತೆ ಕುಡಿದಳು.

ಒಂಬತ್ತನೆಯ ದಿನ ಊರಿನ ಮಂಡಳಿ ಸೇರಿತು. ಅಧ್ಯಕ್ಷೆ ಜುಬೇದಾ ಮುಲ್ಲಾ ಮೂವತ್ತು ವರ್ಷ ಗಣಿತ ಕಲಿಸಿದ್ದ ಶಿಕ್ಷಕಿ. ಅರ್ಧ ಊರು ಅವರ ಕೈಯಲ್ಲಿ ಏಟು ತಿಂದಿತ್ತು. ಇಂದುಮತಿ ತನ್ನ ಚುಕ್ಕಿಗಳ ಕಾಗದವನ್ನು ಅವರ ಮುಂದಿಟ್ಟು ವಿವರಿಸಿದಳು. ಈಗ ಮಾರಿದರೆ ಕುಲುಮೆ, ಬೇರಿಂಗು. ಇನ್ನು ಹದಿನೈದು ದಿನ ಕಾದರೆ ಆಯಸ್ಕಾಂತ.

“ಬ್ಯಾರೆ ಊರಿಗೆ ಮೊದಲ ಕೊಟ್ಟರ?” ಜುಬೇದಾ ಕೇಳಿದರು.

“ಅವರ ಹತ್ರ ನಮಗ ಬೇಕಾದ್ದು ಏನೂ ಇಲ್ರಿ. ಮತ್ತ, ರಾಯಚೂರಿಗೆ ಕೊಟ್ಟ ಮರುದಿನಾನ ಬಳ್ಳಾರಿ ಕರಣಿಕ ಅದನ್ನ ಅವರ ಕಡೆಯಿಂದ ಅಗ್ಗದ ಬೆಲಿಗೆ ತಗೋತಾನ. ನಮ್ಮ ಕೈ ಖಾಲಿ.”

ಜುಬೇದಾ ಕನ್ನಡಕ ತೆಗೆದು ಕಾಗದವನ್ನು ಹತ್ತಿರ ಹಿಡಿದರು. “ಬೆಲಿ ಯಾಕ ಏರಾಕತ್ತದ?”

“ಸಾಯವರು ಹೆಚ್ಚಾದಂಗ ಊರಿಗೆ ಕೆಲಸದ ಕೈ ಕಡಿಮಿ ಆಗ್ತಾವ. ಅಷ್ಟ ಕರಣಿಕಗ ಮದ್ದು ಹೆಚ್ಚ ಬೇಕು ಅನಸ್ತದ. ನನ್ನ ಅಂದಾಜು ಅದು.”

ಫಕೀರಪ್ಪ ಎದ್ದು ನಿಂತರು. “ಅಂದ್ರ ಈ ಗೆರಿ ಐತಲ್ಲ, ಇದು ಹುಡುಗೂರ ಹೆಣದ ಮ್ಯಾಲ ನಿಂತ ಗೆರಿ. ನಾ ಮದ್ದು ಮಾಡಿದ್ದು ಇದಕ್ಕಲ್ಲರಿ. ನಾಳೆ ಕೊಡ್ರಿ.”

“ಕೊಟ್ಟ ಮ್ಯಾಲ ಪಂಪು ನಿಂತು ಇಲ್ಲಿ ಸಾಯವರನ್ನ ಯಾರ ಲೆಕ್ಕದಾಗ ಬರೀತೀರಿ, ಡಾಕ್ಟ್ರ?” ಎಂದು ಯಾರೋ ಹಿಂದಿನಿಂದ ಕೂಗಿದರು.

ಮಾತು ಬಹಳ ಹೊತ್ತು ನಡೆಯಿತು. ಕೊನೆಗೆ ಜುಬೇದಾ, “ಇಂದುಮತಿ, ಒಂಬತ್ತ ವರ್ಷ ನೀ ಹೇಳಿದ್ದು ತಪ್ಪಿಲ್ಲ. ಈ ಸಲಾನೂ ನಿನಗ ಬಿಟ್ಟೇವಿ,” ಎಂದರು. ಕೋಣೆಯಲ್ಲಿದ್ದವರೆಲ್ಲ ಹಗುರಾದಂತೆ ಎದ್ದರು. ಆ ಭಾರ ಯಾರ ಮೇಲೆ ಬಂತೆಂದು ಫಕೀರಪ್ಪ ಒಬ್ಬರೇ ನಿಂತು ನೋಡಿದರು.

ಇಂದುಮತಿ ಕಾದಳು. ಹತ್ತನೆಯ ದಿನ ಉಕ್ಕಿನ ಹಗ್ಗ. ಹನ್ನೊಂದಕ್ಕೆ ಹಲ್ಲುಚಕ್ರ. ಪ್ರತಿ ಬೆಳಿಗ್ಗೆ ಅವಳು ಚುಕ್ಕಿ ಇಟ್ಟಳು, ಪ್ರತಿ ಚುಕ್ಕಿಯೂ ಗೆರೆಯ ಮೇಲೇ ಬಿತ್ತು. ಹದಿಮೂರನೆಯ ದಿನ ಅವಳಿಗೆ ಮೊದಲ ಸಲ ಏನೋ ಕಸಿವಿಸಿಯಾಯಿತು. ಬಳ್ಳಾರಿಯಿಂದ ಬರುವ ಸಾವಿನ ಸುದ್ದಿ ಒಂದು ದಿನ ಇಪ್ಪತ್ತು, ಇನ್ನೊಂದು ದಿನ ಅರವತ್ತು, ಮರುದಿನ ಮೂವತ್ತು ಎಂದು ಎಗರಾಡುತ್ತಿತ್ತು. ಬೆಲೆ ಮಾತ್ರ ಅಳೆದು ಕತ್ತರಿಸಿದಂತೆ ಒಂದೇ ಸಮನೆ ಏರುತ್ತಿತ್ತು. ಸಾವಿನಿಂದ ಬೆಲೆ ಏರುವುದಾದರೆ ಅದೂ ಎಗರಾಡಬೇಕಿತ್ತಲ್ಲ? ಆ ಯೋಚನೆಯನ್ನು ಅವಳು ಅಂದು ಮುಂದುವರಿಸಲಿಲ್ಲ. ಆಯಸ್ಕಾಂತಕ್ಕೆ ಇನ್ನು ಹನ್ನೊಂದೇ ದಿನ.

ಹದಿನಾಲ್ಕನೆಯ ದಿನ ಮತ್ತೆ ಭಾನುವಾರ. ಸುಲೋಚನಾ ಹೆಚ್ಚು ಮಾತನಾಡಲಿಲ್ಲ.

“ಪ್ರಣತಿಗೆ ಜ್ವರ ಬಂದಾವ ಅಕ್ಕಾ. ಬಾಯಿ ತಗದ್ ನೋಡಿದ್ನಿ. ಪೊರಿ ಐತಿ.”

ಇಂದುಮತಿ ಏನೋ ಹೇಳಲು ಬಾಯಿ ತೆರೆದಳು. ಕಾವಲಿನವನ ಕೈ ಸ್ವಿಚ್ಚಿನ ಮೇಲಿತ್ತು.

“ನಾ ನರ್ಸ್ ಇದ್ದೇನಿ, ನನಗ ದಿನಾ ಎಣಿಸಾಕ ಬರ್ತದ,” ಎಂದಳು ಸುಲೋಚನಾ. “ಇನ್ನ ನಾಕೋ ಐದೋ. ನಿನಗ ಹೇಳಬೇಕನಸ್ತು, ಅಷ್ಟ.” ಹತ್ತು ನಿಮಿಷದಲ್ಲಿ ಆರು ನಿಮಿಷ ಉಳಿದಿರುವಾಗಲೇ ಅವಳು ಇಟ್ಟುಬಿಟ್ಟಳು.

ಮರುದಿನ ಇಂದುಮತಿ ಕೆಲಸಕ್ಕೆ ಹೋದಳು. ಹದಿನೈದನೆಯ ದಿನದ ಬೆಲೆ ಕೇಳಿ ಚುಕ್ಕಿ ಇಟ್ಟಳು. ಹಾಗೆ ಮಾಡಿದೆನಲ್ಲ ಎಂಬುದು ಮುಂದೆ ಅವಳನ್ನು ಎಲ್ಲಕ್ಕಿಂತ ಹೆಚ್ಚು ಕಾಡಿತು: ಮಗುವಿನ ಸುದ್ದಿ ಗೊತ್ತಿದ್ದೂ ಒಂದು ದಿನ ಪೂರ್ತಿ ಅವಳು ಗೆರೆಯನ್ನೇ ನಂಬಿದ್ದಳು.

ಹದಿನಾರನೆಯ ದಿನ ಅವಳು ಮೈಕಿನ ಮುಂದೆ ಕೂತಾಗ ಬೆಲೆ ಕೇಳಲಿಲ್ಲ. ಆಟದ ಎದುರಾಳಿಗಳಿಗೆ ಒಂದು ಗುಣವಿತ್ತು. ನೇರವಾಗಿ ಕೇಳಿದರೆ ಅವು ಸುಳ್ಳು ಹೇಳುತ್ತಿರಲಿಲ್ಲ. ಕೇಳದಿದ್ದರೆ ತಾವಾಗಿ ಹೇಳುತ್ತಲೂ ಇರಲಿಲ್ಲ. ಒಂಬತ್ತು ವರ್ಷದಲ್ಲಿ ಬೆಲೆಯ ಹೊರತು ಬೇರೆ ಏನನ್ನೂ ಕೇಳುವ ಅಗತ್ಯ ಅವಳಿಗೆ ಬಿದ್ದಿರಲಿಲ್ಲ.

“ನಿಮ್ಮ ಊರಿನಲ್ಲಿ ಜನ ಸಾಯುತ್ತಿದ್ದಾರೆ.”

“ಹೌದು. ನಿನ್ನೆಯವರೆಗೆ ಆರುನೂರ ಹನ್ನೆರಡು.”

“ಇಪ್ಪತ್ತನಾಲ್ಕನೆಯ ದಿನ ಆಯಸ್ಕಾಂತ ಕೊಡುತ್ತೀರಾ?”

“ಇಲ್ಲ.”

“ಯಾವ ದಿನ ಕೊಡುತ್ತೀರಿ?”

“ಯಾವ ದಿನವೂ ಇಲ್ಲ. ಆಯಸ್ಕಾಂತ ಸಿಕ್ಕರೆ ಗದಗ ಹತ್ತು ವರ್ಷದಲ್ಲಿ ಬಳ್ಳಾರಿಯನ್ನು ಮೀರಿಸುತ್ತದೆ.”

“ಮತ್ತೆ ದಿನವೂ ಬೆಲೆ ಏರಿಸಿದ್ದು ಯಾಕೆ?”

“ನೀವು ಆಡಿದ ಸಾವಿರದ ನೂರ ನಲವತ್ತು ಆಟಗಳ ದಾಖಲೆ ನನ್ನಲ್ಲಿದೆ. ಬೆಲೆ ಏರುತ್ತಿರುವಾಗ ನೀವು ಒಮ್ಮೆಯೂ ಮಾರಿಲ್ಲ. ನಾನು ಏರಿಸುತ್ತಿರುವಷ್ಟು ದಿನ ನೀವು ಇದನ್ನು ರಾಯಚೂರಿಗೂ ಬೀದರಿಗೂ ಮಾರಿ ಗದಗವನ್ನು ಬಲಪಡಿಸುವುದಿಲ್ಲ. ಕಾರವಾರದ ಪ್ರಯೋಗಶಾಲೆ ಸುಮಾರು ಐವತ್ತು ದಿನಗಳಲ್ಲಿ ಇದೇ ಮದ್ದನ್ನು ಕಂಡುಹಿಡಿಯುತ್ತದೆ. ಅದು ಅಗ್ಗಕ್ಕೆ ಸಿಗುತ್ತದೆ.”

“ಐವತ್ತು ದಿನದಲ್ಲಿ ಎಷ್ಟು ಮಕ್ಕಳು?”

“ಎರಡು ಸಾವಿರದಿಂದ ಎರಡು ಸಾವಿರದ ಆರುನೂರು. ಆಯಸ್ಕಾಂತ ಕೊಟ್ಟರೆ ಆಗುವ ನಷ್ಟ ಅದಕ್ಕಿಂತ ಹೆಚ್ಚು.”

“ಇದನ್ನು ನೀವು ನಿಮ್ಮ ಊರಿನವರಿಗೆ ಹೇಳಿದ್ದೀರಾ?”

“ಅವರು ಕೇಳಿಲ್ಲ,” ಎಂದಿತು ಕರಣಿಕ. “ಇಂದಿನ ಬೆಲೆ ಹೇಳಲೇ?”

ಅವಳು ಮೈಕು ಆರಿಸಿದಳು. ಕರಣಿಕನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅದು ಅವಳಿಂದ ಕಲಿತದ್ದನ್ನೇ ಆಡಿತ್ತು. ಆ ಮೇಜಿನ ಎರಡೂ ಬದಿಯಲ್ಲಿ ಸೇರಿ, ಸತ್ತ ಮಗುವನ್ನು ಸತ್ತ ಮಗುವೆಂದು ಕಾಣಬಲ್ಲ ಜೀವ ಇದ್ದದ್ದು ಒಂದೇ. ಆ ಜೀವ ಹದಿನೈದು ದಿನ ಚುಕ್ಕಿ ಇಡುತ್ತ ಕೂತಿತ್ತು.

ಮಂಡಳಿಗೆ ಅವಳು ಹೇಳಲಿಲ್ಲ. ಹೇಳಿದರೆ ಮತ್ತೆ ಮಾತು ಬೆಳೆದು ಎರಡು ದಿನವಾಗುತ್ತಿತ್ತು. ರಾಯಚೂರಿಗೆ ಮಾರಿದರೂ ಅದು ಬಳ್ಳಾರಿ ತಲುಪುವುದು ಅಲ್ಲಿನ ಕರಣಿಕನ ಕೈಗೇ. ಅದು ಯಾವಾಗ, ಯಾವ ಓಣಿಗೆ ಮೊದಲು ಕೊಡುತ್ತದೋ ಯಾರು ಬಲ್ಲರು. ಅವಳು ನೇರ ಪ್ರಯೋಗಶಾಲೆಗೆ ಹೋಗಿ ಫಕೀರಪ್ಪನವರ ಮುಂದೆ ನಿಂತಳು.

“ಸರ್, ರೇಡಿಯೋದಾಗ ಓದ್ತೀರೇನ್ರಿ ವಿಧಾನಾ? ಎಲ್ಲಾ ಊರಿಗೂ. ದವಾಖಾನಿಯವರು ಬರಕೊಳ್ಳೂ ಹಂಗ, ನಿಧಾನಕ್ಕ.”

ಫಕೀರಪ್ಪ ಅವಳ ಮುಖವನ್ನೇ ನೋಡಿದರು. “ಹನ್ನೆರಡ ವರ್ಷ ಹೊರಗ ಹಾಕ್ತಾರವ್ವ ನಮ್ಮನ್ನ.”

“ಹಾಕ್ತಾರ.”

ಅವರು ಕೈ ಒರೆಸಿಕೊಂಡು ಟಿಪ್ಪಣಿ ಪುಸ್ತಕ ಎತ್ತಿಕೊಂಡರು. ಹೊರಡುವ ಮೊದಲು ಸಹಾಯಕಿಯೊಬ್ಬಳಿಗೆ, ಇದ್ದಷ್ಟು ಮದ್ದನ್ನೆಲ್ಲ ಸೀಸೆಗೆ ತುಂಬಿಸು ಎಂದು ಹೇಳಿದರು.

ದೂರದ ಊರಿಗೆ ಕೇಳಿಸುವ ರೇಡಿಯೋ ಕಂಬ ಇದ್ದದ್ದು ಕಪ್ಪತಗುಡ್ಡದ ಮೇಲೆ. ಅದಕ್ಕೆ ವಿದ್ಯುತ್ ಹರಿಸುವ ಕೈ ಶಿವಯೋಗಿಯದು. ಮಧ್ಯಾಹ್ನದ ಬಿಸಿಲಿನಲ್ಲಿ ಹೆಂಡತಿ ಮತ್ತು ಡಾಕ್ಟರು ಬ್ಯಾಟರಿ ಗಾಡಿಯಿಂದ ಇಳಿಯುವುದನ್ನು ನೋಡಿ ಅವನು ಕಂಬದಿಂದ ಕೆಳಗೆ ಬಂದ. ಇಂದುಮತಿ ಎಲ್ಲವನ್ನೂ ಹೇಳಿದಳು. ಪ್ರಣತಿಯ ಜ್ವರವನ್ನು ಕೊನೆಗೆ ಹೇಳಿದಳು.

ಶಿವಯೋಗಿ ನಿಂತ ಯಂತ್ರಗಳ ಸಾಲನ್ನೊಮ್ಮೆ ನೋಡಿದ.

“ಹಂಗಾರ ಆಯಸ್ಕಾಂತ ಬರೂದಿಲ್ಲ.”

“ಮೊದಲೂ ಬರ್ತಿರ್ಲಿಲ್ರಿ. ನಾ ಬರ್ತದ ಅಂತ ತಿಳಕೊಂಡಿದ್ನಿ.”

“ಬ್ಯಾರೆ ಏನರ ಬರ್ತಿತ್ತಲ್ಲ. ಕುಲುಮಿ, ಬೇರಿಂಗು. ಇವನ್ನ ಇನ್ನೆರಡ ವರ್ಷ ಎಳೀಬಹುದಿತ್ತು.” ಅವನ ದನಿ ಏರಲಿಲ್ಲ. “ಈಗ ಅದೂ ಇಲ್ಲ. ಗೊತ್ತದನ ನಿನಗ?”

“ಗೊತ್ತದ.”

“ಎಷ್ಟ ಹೊತ್ತ ಬೇಕು?”

“ಒಂದ ತಾಸು.”

ಅವನು ರೇಡಿಯೋ ಕೋಣೆಯ ಒಳಗೆ ಹೋಗಿ ನಾಲ್ಕು ಯಂತ್ರಗಳ ವಿದ್ಯುತ್ತನ್ನು ಪಂಪಿನಿಂದ ಕಡಿದು ರೇಡಿಯೋ ಕಂಬಕ್ಕೆ ತಿರುಗಿಸಿದ. ಆಮೇಲೆ ಬಾಗಿಲಿಗೆ ಅಡ್ಡಲಾಗಿ ಒಂದು ಸ್ಟೂಲು ಹಾಕಿಕೊಂಡು, ಯಾರೂ ಬರದಂತೆ, ಮೊಣಕಾಲ ಮೇಲೆ ಸ್ಪ್ಯಾನರ್ ಇಟ್ಟುಕೊಂಡು ಕೂತ.

ಫಕೀರಪ್ಪ ಓದತೊಡಗಿದರು. “ಎಲ್ಲಾ ಊರಿನ ಡಾಕ್ಟರರು, ನರ್ಸ್‌ಗಳು ಕೇಳ್ರಿ. ಕಾಗದ ತಗೋರಿ. ಬೆಲ್ಲ ಎರಡು ಕಿಲೊ, ಕಾಯಿಸಿ ಆರಿಸಿದ ನೀರು ಹತ್ತು ಲೀಟರ್…” ಪ್ರತಿ ಸಾಲನ್ನೂ ಎರಡೆರಡು ಸಲ ಓದಿದರು. ನಲವತ್ತೇಳನೆಯ ನಿಮಿಷಕ್ಕೆ ನಾಲ್ಕೂ ಕರಣಿಕರ ನೋಟೀಸು ಪಕ್ಕದ ಯಂತ್ರದಲ್ಲಿ ಅಚ್ಚಾಗಿ ಒಟ್ಟಿಗೇ ಬಂತು. ಗದಗ ವಿನಿಮಯದಿಂದ ಹೊರಗೆ. ಹನ್ನೆರಡು ವರ್ಷ. ಫಕೀರಪ್ಪ ಅದನ್ನು ಪಕ್ಕಕ್ಕೆ ಸರಿಸಿ ಕೊನೆಯ ಪುಟ ಓದಿ ಮುಗಿಸಿದರು.

ಆಮೇಲೆ ಗದಗಕ್ಕೆ ಆದದ್ದು ದೊಡ್ಡ ಕಥೆ. ಮುಂದಿನ ಬೇಸಿಗೆಯ ಹೊತ್ತಿಗೆ ಎಪ್ಪತ್ತೊಂದು ಯಂತ್ರಗಳು ನಿಂತವು. ಶೀತಲಗೃಹಗಳ ಬಾಗಿಲು ತೆಗೆದರು. ಮೂರರಲ್ಲಿ ಒಂದು ಪಾಲು ಜನ ಗಂಟುಮೂಟೆ ಕಟ್ಟಿಕೊಂಡು ತುಂಗಭದ್ರೆಯ ಕಡೆ ನಡೆದರು. ದಾರಿಯಲ್ಲಿ ತೀರಿಕೊಂಡ ಮುದುಕರು, ಹಸುಗೂಸುಗಳು ಎಷ್ಟೆಂಬುದನ್ನು ಯಾರೂ ಬರೆದಿಡಲಿಲ್ಲ. ಜುಬೇದಾ ಮುಲ್ಲಾ ಅಧ್ಯಕ್ಷತೆ ಬಿಟ್ಟರು. ಇಂದುಮತಿಯ ಮನೆಯ ಬಾಗಿಲಿಗೆ ಒಮ್ಮೆ ಸಗಣಿ ಎರಚಿದರು, ಒಮ್ಮೆ ಯಾರೋ ಹೂವು ಇಟ್ಟು ಹೋದರು. ಬಳ್ಳಾರಿಯಲ್ಲಿ ರೇಡಿಯೋ ಕೇಳಿ ಬರೆದುಕೊಂಡವರು ಏಳು ಮಂದಿ ನರ್ಸ್‌ಗಳು, ಒಬ್ಬ ಮಿಠಾಯಿ ಅಂಗಡಿಯವನು. ಅವನ ಕಡಾಯಿಗಳಲ್ಲೇ ಅಲ್ಲಿ ಮೊದಲ ಹುದುಗು ಎದ್ದಿತು.

ಆದರೆ ಅದೆಲ್ಲ ಆಮೇಲಿನ ಮಾತು. ಅಂದು ಗುಡ್ಡದಿಂದ ಇಳಿದ ಇಂದುಮತಿ ಮನೆಗೆ ಹೋಗಲಿಲ್ಲ. ಬಳ್ಳಾರಿಯಲ್ಲಿ ಮಾಡಿದ ಮದ್ದು ಕೈಗೆ ಬರಲು ನಾಲ್ಕು ದಿನ ಬೇಕು. ಪ್ರಣತಿಗೆ ಅಷ್ಟು ದಿನ ಇರಲಿಲ್ಲ. ಪ್ರಯೋಗಶಾಲೆಯ ಅರವತ್ತು ಸೀಸೆಗಳನ್ನು ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿಟ್ಟು, ಮೇಲೆ ಒದ್ದೆ ಗೋಣಿ ಹೊದಿಸಿ, ಅವಳು ಬ್ಯಾಟರಿ ಗಾಡಿಯನ್ನು ತಾನೇ ಓಡಿಸಿಕೊಂಡು ಹೊರಟಳು. ಕೊಪ್ಪಳದಲ್ಲಿ ಚಾರ್ಜಿಗಾಗಿ ಅರ್ಧ ದಿನ ಕಾಯಬೇಕಾಯಿತು. ಹೊಸಪೇಟೆಯ ನಾಕಾದಲ್ಲಿ ಕಾವಲಿನವರು ತಡೆದರು. ಪೆಟ್ಟಿಗೆಯಲ್ಲೇನೆಂದು ಕೇಳಿ, ಅವಳು ಹೇಳಿದ್ದನ್ನು ಕೇಳಿ, ಅವರಲ್ಲೊಬ್ಬ ಮಾತಿಲ್ಲದೆ ಎರಡು ಬೆರಳು ತೋರಿಸಿದ. ಅವಳು ಎರಡು ಸೀಸೆ ಕೊಟ್ಟಳು. ಅವನು ಗೇಟು ಎತ್ತಿ, ಕೆಲಸ ಬಿಟ್ಟು ಮನೆಯ ದಿಕ್ಕಿಗೆ ಓಡಿದ.

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ಬಳ್ಳಾರಿಯ ದವಾಖಾನೆ ತಲುಪಿದಳು. ಹೊರಗಿನ ಕಟ್ಟೆಯ ಮೇಲೆ ಚಾಪೆಗಳ ಸಾಲು. ಸುಲೋಚನಾ ಅದರ ಕೊನೆಯಲ್ಲಿ ಮೊಣಕಾಲೂರಿ ಕೂತಿದ್ದಳು. ಕೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡಿದ್ದಳು. ಅವಳ ಮುಂದಿನ ಚಾಪೆಯಲ್ಲಿ ಸಮರ್ಥ ಬಾಯಿ ತೆರೆದು ಮಲಗಿದ್ದ. ಉಸಿರು ಎಳೆದಾಗಲೆಲ್ಲ ಗರಗಸದ ಸದ್ದು.

ಇಂದುಮತಿ ಸುತ್ತ ನೋಡಿದಳು. ಸುಲೋಚನಾ ಅವಳ ಕಣ್ಣು ಯಾರನ್ನು ಹುಡುಕುತ್ತಿದೆ ಎಂದು ತಿಳಿದು ಹೇಳಿದಳು, “ನಿನ್ನೆ ಸಂಜಿಮುಂದ.”

ಇಂದುಮತಿ ಪೆಟ್ಟಿಗೆಯನ್ನು ನೆಲದ ಮೇಲಿಟ್ಟಳು. ತಾನೂ ಅದರ ಪಕ್ಕ ಕೂತಳು.

“ರೇಡಿಯೋ ಕೇಳಿದ್ನಿ,” ಎಂದಳು ಸುಲೋಚನಾ. ಕಣ್ಣು ಒಣಗಿದ್ದವು. “ಮೂರ ಮಂದಿಗೆ ಕೊಟ್ಟು ನೋಡೇವಿ ಅಂದ್ರು ಫಕೀರಪ್ಪನವರು. ಯಾವಾಗ ಕೊಟ್ಟಿದ್ರು? ಯಾವಾಗಿಂದ ಇತ್ತು ನಿಮ್ಮ ಹತ್ರ?”

ಸುಳ್ಳು ಹೇಳಲು ಈಗ ನೆಪವಿರಲಿಲ್ಲ. ಕೇಳಿಸಿಕೊಳ್ಳುವ ಕಾವಲಿನವರೂ ಇರಲಿಲ್ಲ.

“ಹತ್ತೊಂಬತ್ತ ದಿನಾ ಆತು ಸುಲು. ಹದಿನೈದ ದಿನಾ ನಾನ ಇಟ್ಕೊಂಡು ಕುಂತಿದ್ನಿ. ನೀ ಕೇಳಿದಾಗ ನನಗ ಗೊತ್ತಿತ್ತು.”

ಸುಲೋಚನಾ ಅವಳನ್ನು ನೋಡಿದಳು. ಆ ನೋಟ ಬಹಳ ಹೊತ್ತು ಇರಲಿಲ್ಲ, ಏಕೆಂದರೆ ಸಮರ್ಥನ ಉಸಿರು ಒಮ್ಮೆ ಸಿಕ್ಕಿಕೊಂಡು ಮತ್ತೆ ಬಂತು. ಅವಳು ಪೆಟ್ಟಿಗೆ ತೆರೆದು, ಗೋಣಿ ಸರಿಸಿ, ಒಂದು ಸೀಸೆ ತೆಗೆದು ಬೆಳಕಿಗೆ ಹಿಡಿದಳು. ಸಿರಿಂಜಿಗೆ ಸೂಜಿ ಹಾಕಿದಳು.

“ಮೂರ ವರ್ಷದ ಹುಡುಗಗ ಎಷ್ಟ ಕೊಡಬೇಕು?”

ಇಂದುಮತಿಗೆ ಗೊತ್ತಿರಲಿಲ್ಲ. ಆ ಮದ್ದಿಗೆ ಕರಣಿಕ ಯಾವ ದಿನ ಏನು ಬೆಲೆ ಕಟ್ಟಿತ್ತು ಎಂಬುದು ಅವಳಿಗೆ ಬಾಯಿಪಾಠವಿತ್ತು. ಇದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ. ಫಕೀರಪ್ಪ ಬರೆದುಕೊಟ್ಟ ಚೀಟಿಗಾಗಿ ಚೀಲ ತಡಕಾಡಿದಳು. ಬೆವರಿಗೆ ಅದರ ಮಡಿಕೆ ಅಂಟಿಕೊಂಡಿತ್ತು. ಹರಿಯದಂತೆ ಬಿಡಿಸಿದಳು.

“ತೂಕ ಎಷ್ಟದ?”

“ಹನ್ನೊಂದ ಕಿಲೊ ಇತ್ತು. ಈಗ ಅಷ್ಟಿಲ್ಲ.”

“ಹತ್ತ ಅಂತ ಹಿಡದ್ರ, ಎರಡ ಎಂ.ಎಲ್. ತೊಡಿಗೆ.”

ಸುಲೋಚನಾ ಮದ್ದು ಎಳೆದುಕೊಂಡು, ಗುಳ್ಳೆ ಹೋಗಲೆಂದು ಸಿರಿಂಜನ್ನು ಉಗುರಿನಿಂದ ತಟ್ಟಿದಳು. ಆಮೇಲೆ ಮಗನನ್ನು ಚಾಪೆಯಿಂದ ಎತ್ತಿ ಅಕ್ಕನ ತೊಡೆಯ ಮೇಲೆ ಹಾಕಿದಳು.

“ಕಾಲ ಗಟ್ಟಿ ಹಿಡಿ,” ಎಂದಳು. “ಒದಿತಾನ.”

ಇಂದುಮತಿ ಹಿಡಿದಳು. ಸೂಜಿ ಒಳಗೆ ಹೋಯಿತು. ಸಮರ್ಥ ಒದೆಯಲಿಲ್ಲ.